ಕಾವೇರಿ ತಾಯಿಗೆ ಹಳೇ ಬಟ್ಟೆಯ ನೈವೇದ್ಯ!

ಶ್ರೀರಂಗಪಟ್ಟಣದ ಪಶ್ಚಿಮವಾಹಿನಿ, ಸ್ನಾನಘಟ್ಟ, ಗೋಸಾಯಿಘಾಟ್, ಸಂಗಮ - ಎಲ್ಲಿಗೆ ಹೋದರೂ ನೀರಿಗಿಂತ ಮೊದಲು ಕಣ್ಣಿಗೆ ಬೀಳುವುದು ಹಳೇ ಬಟ್ಟೆ. ಅಸ್ಥಿ ಬಿಡಲು ಬಂದವರು ಮುಳುಗಿ ಎದ್ದು, ಉಟ್ಟದ್ದನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ಮಹಾಲಯ ಅಮಾವಾಸ್ಯೆ ಬಂತೆಂದರೆ ಕೇಳುವುದೇ ಬೇಡ.

ಹಿಂದೆ ಬಿಡುತ್ತಿದ್ದದ್ದು ಹತ್ತಿ ಪಂಚೆ, ಹತ್ತಿ ಸೀರೆ. ಕೊಳೆತು ಮಣ್ಣಾಗುತ್ತಿತ್ತು. ಈಗ ಪಾಲಿಯೆಸ್ಟರ್ ಕಾಲ. ಅದು ಸುಲಭಕ್ಕೆ ಕೊಳೆಯೋದಿಲ್ಲ; ಕಲ್ಲಿಗೆ ಸುತ್ತಿಕೊಳ್ಳುತ್ತೆ, ಸವೆದು ಸಣ್ಣ ಎಳೆಯಾಗಿ ನೀರು ಸೇರುತ್ತೆ. ಇದೇ ಹೊಳೆಯ ನೀರು ಮುಂದೆ ತೊರೆಕಾಡನಹಳ್ಳಿಯಿಂದ ಬೆಂಗಳೂರಿನ ನಲ್ಲಿಗೆ ಹೋಗುವುದು ಎಂಬುದನ್ನು ಮರೆಯಬೇಡಿ.

ಹೊಳೆಯಿಂದ ಎತ್ತಿ ಕಸದ ಗುಂಡಿಗೆ ಹಾಕಿದರೆ ಆಯಿತೆ? ಜಾಗ ಬದಲಾಯಿತು, ಕಸ ಹೋಗಲಿಲ್ಲ. ಸತ್ತವರ ಹೆಸರಲ್ಲಿ ಬಿಟ್ಟ ಬಟ್ಟೆಯನ್ನು ಯಾರೂ ಉಡೋದಿಲ್ಲ, ಅದು ನಿಜ. ಆದರೆ ದಡದಲ್ಲೇ ಒಂದು ತೊಟ್ಟಿ ಇಟ್ಟು, ನೀರಿಗೆ ಬೀಳುವ ಮುನ್ನ ಕೂಡಿಸಿ, ಕುದಿಸಿ ಒಗೆದು, ತುಂಡು ಮಾಡಿದರೆ ಗ್ಯಾರೇಜಿನ ಎಣ್ಣೆ ಒರೆಸಲು ಏನಡ್ಡಿ?

ಹೊಳೆಯ ಬಟ್ಟೆಯಾದರೂ ಕಣ್ಣಿಗೆ ಕಾಣುತ್ತೆ. ಕಾಣದ್ದು ನಮ್ಮ ನಮ್ಮ ಮನೆಯದು. ಒಂದು ಕಾಲಕ್ಕೆ ಅಪ್ಪನ ಪಂಚೆ ಹರಿದರೆ ಮಗುವಿನ ಬಟ್ಟೆ, ಅದೂ ಸವೆದರೆ ಮಸಿಬಟ್ಟೆ, ಕೊನೆಗೆ ದೀಪದ ಬತ್ತಿ. ಹಳೇ ಸೀರೆ ಕೊಟ್ಟರೆ ಪಾತ್ರೆಯವಳು ಸ್ಟೀಲ್ ಡಬ್ಬಿ ಕೊಡುತ್ತಿದ್ದಳು. ಈಗ ತೇಪೆ ಹಾಕಿಸುವ ಕೂಲಿಗಿಂತ ಸಂತೆಯ ಅಂಗಿಯೇ ವಾಸಿ ಎನ್ನುವ ಲೆಕ್ಕ. ಹೀಗೆ ಎಸೆದದ್ದು ಜಗತ್ತಿನಲ್ಲಿ ವರ್ಷಕ್ಕೆ 9 ಕೋಟಿ 20 ಲಕ್ಷ ಟನ್ ಎನ್ನುತ್ತದೆ ವಿಶ್ವಸಂಸ್ಥೆಯ ಅಂದಾಜು.

ಚಿಂದಿಗೆ ಬೆಲೆ ಇಲ್ಲವೆ? ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರು ಹಳೇ ಸೀರೆ ಚೂರು ಜೋಡಿಸಿ ಹೊಲಿದ ಕೌದಿ ದೂರದೂರದ ಪ್ರದರ್ಶನಗಳಿಗೆ ಹೋಗಿದೆ. ನಮ್ಮಲ್ಲೂ ಹೊಲಿಯುವ ಕೈಗೆ ಬರವಿಲ್ಲ. 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಒಂದೇ ಗಾರ್ಮೆಂಟ್ಸ್ ಕಾರ್ಖಾನೆಯಿಂದ ಕೆಲಸ ಕಳೆದುಕೊಂಡವರು 1200ಕ್ಕೂ ಮೇಲೆ, ಹೆಚ್ಚಿನವರು ಹೆಣ್ಣುಮಕ್ಕಳು.

ಇನ್ನು ಗಿರಾಕಿ? ಅಂಗಡಿ ಯಜಮಾನರೇ, ಅದು ನೀವೇ. ರಾಜ್ಯದಲ್ಲಿ 2016ರ ಮಾರ್ಚ್‌ನಿಂದ ಪ್ಲಾಸ್ಟಿಕ್ ಕೈಚೀಲ ನಿಷೇಧ. ಸಿಕ್ಕಿಬಿದ್ದರೆ ದಂಡ ನಿಮಗೆ. ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಟೈಲರ್ ಅಂಗಡಿಗಳಲ್ಲಿ ಗುಡಿಸಿ ಹಾಕುವ ಚೂರು, ಮನೆಮನೆಯ ಹಳೇ ಸೀರೆ ಸ್ತ್ರೀಶಕ್ತಿ ಸಂಘದವರ ಕೈಗೆ ಸೇರಿದರೆ ಬಟ್ಟೆ ಚೀಲವಾಗುತ್ತೆ. ಅವರಿಗೆ ಕೂಲಿ, ನಿಮಗೆ ದಂಡ ತಪ್ಪುತ್ತೆ. ಬಸ್ಸಿಗೆ ಹೊರಟವರೂ ಮನೆಯಿಂದ ಒಂದು ಚೀಲ ತಂದರೆ ಅರ್ಧ ಕೆಲಸ ಮುಗಿಯಿತು.

ನಾಲ್ಕೂ ಊರಿನ ಪುರಸಭೆಯವರು ವಾರಕ್ಕೊಂದು ದಿನ ಬಟ್ಟೆಯನ್ನು ಬೇರೆಯಾಗಿ ಎತ್ತಲಿ. ಶ್ರೀರಂಗಪಟ್ಟಣದವರು ಬರುವ ಮಹಾಲಯಕ್ಕೆ ಮುಂಚೆ ದಡಕ್ಕೆ ತೊಟ್ಟಿ ತಂದಿಡಲಿ. ಆಮೇಲೆ ಆಳು ಇಳಿಸಿ ಹೊಳೆಯಿಂದ ಎತ್ತಿಸುವುದಕ್ಕಿಂತ ಅದೇ ಅಗ್ಗ.