ಮಂಚ ಎಲ್ಲಿದೆ ಅಂತ ಕೇಳು

ಟೆಕ್ಸಸ್‌ನ ಆಸ್ಟಿನ್‌ನಲ್ಲಿರೋ ನಮ್ಮಕ್ಕ ಫೋನ್ ಮಾಡಿದ್ಲು. ಒಂಬತ್ತು ವರ್ಷದ ಮಗಳು ಬೇಸಿಗೆ ಶಿಬಿರಕ್ಕೆ ಹೋಗಲೇಬೇಕು ಅಂತ ಹಟ ಹಿಡಿದಿದ್ದಾಳಂತೆ. ಶಿಬಿರ ಇರೋದು ನದಿ ದಂಡೆಯಲ್ಲಿ. "ಕಳಿಸ್ಲಾ, ಬೇಡ್ವಾ? ನೀನೇನಂತೀಯೋ?" ಅಂದ್ಲು. ತಕ್ಷಣ ಏನೂ ಹೇಳೋಕಾಗಲಿಲ್ಲ.

ಕಾರಣ, 2025ರ ಜುಲೈ 4. ಅಲ್ಲಿನ ಕೆರ್ ಕೌಂಟಿಯಲ್ಲಿ ಗ್ವಾಡಲೂಪೆ ನದಿ ಮುಕ್ಕಾಲು ಗಂಟೆಯಲ್ಲಿ ಸುಮಾರು 26 ಅಡಿ ಏರಿತು, ಅದೂ ನಸುಕಿಗೆ ಮುಂಚೆ. ಸುಮಾರು ನೂರು ವರ್ಷ ಹಳೆಯದಾದ ಕ್ಯಾಂಪ್ ಮಿಸ್ಟಿಕ್ ಎಂಬ ಹೆಣ್ಣುಮಕ್ಕಳ ಶಿಬಿರದಲ್ಲಿ ಮಕ್ಕಳು, ಅವರನ್ನು ನೋಡಿಕೊಳ್ಳುತ್ತಿದ್ದ ಹುಡುಗಿಯರು ಸೇರಿ 27 ಮಂದಿ ತೀರಿಕೊಂಡರು. ಇದೇ ನದಿ 1987ರಲ್ಲಿ, ಶಿಬಿರದಿಂದ ವಾಪಸ್ ಹೊರಟಿದ್ದ 10 ಹದಿಹರೆಯದವರನ್ನೂ ಬಲಿ ತೆಗೆದುಕೊಂಡಿತ್ತು.

ಎಚ್ಚರಿಕೆ ಬಂದಿರಲಿಲ್ವಾ? ಬಂದಿತ್ತು. ರಾತ್ರಿ 1:14ಕ್ಕೇ ಹವಾಮಾನ ಇಲಾಖೆ ಹಠಾತ್ ಪ್ರವಾಹದ ಎಚ್ಚರಿಕೆ ಕೊಟ್ಟಿತ್ತು. ಆದರೆ ಆ ಭಾಗದಲ್ಲಿ ಸೈರನ್ ಇರಲಿಲ್ಲ, ಮಕ್ಕಳ ಹತ್ತಿರ ಫೋನೂ ಇರಲಿಲ್ಲ. ನಾನು ಆಫೀಸಿನಲ್ಲಿ ಆನ್‌ಕಾಲ್ ಡ್ಯೂಟಿ ಮಾಡೋನು. ರಾತ್ರಿ ಎರಡಕ್ಕೆ ಅಲರ್ಟ್ ಬಂದಾಗ, ಸುಳ್ಳು ಅಲರ್ಟ್ ಇರ್ಬೇಕು ಅಂತ ಮಗ್ಗುಲು ಬದಲಿಸಿದ್ದೂ ಇದೆ. ನನ್ನ ಕೇಸಲ್ಲಿ ಬಿದ್ದುಹೋಗೋದು ಸರ್ವರ್, ಅಷ್ಟೇ.

ಆ ಸೆಪ್ಟೆಂಬರ್‌ನಲ್ಲಿ ಟೆಕ್ಸಸ್ ಹೊಸ ಕಾನೂನು ತಂತು. ನೆರೆ ನುಗ್ಗುವ ಜಾಗದಲ್ಲಿ ಮಕ್ಕಳು ಮಲಗೋ ಕಟ್ಟಡ ಇದ್ದರೆ ಲೈಸೆನ್ಸ್ ಇಲ್ಲ. ತುರ್ತು ಯೋಜನೆ, ಸಿಬ್ಬಂದಿಗೆ ತರಬೇತಿ, ಫೈಬರ್ ಇಂಟರ್ನೆಟ್ ಕಡ್ಡಾಯ ಅಂತ ಅದರಲ್ಲಿತ್ತು. ಫೈಬರ್ ಖರ್ಚು ನಮ್ಮ ಕೈಲಾಗಲ್ಲ ಅಂತ ಕೆಲವು ಶಿಬಿರಗಳು ಕೋರ್ಟಿಗೆ ಹೋದವು. ಅವರ ಮಾತಲ್ಲೂ ಹುರುಳಿದೆ, ಚಿಕ್ಕ ಶಿಬಿರಗಳು ಮುಚ್ಚಿಹೋದರೆ ನಷ್ಟ ಮಕ್ಕಳಿಗೇ. ಆದರೆ ಮೊದಲ ಷರತ್ತಿನಲ್ಲಿ ಮಾತ್ರ ಚೌಕಾಸಿ ಬೇಡ. ಉಳಿದದ್ದೆಲ್ಲ ಕೆಲಸ ಮಾಡೋದು ಯಾರೋ ಎದ್ದು, ಓದಿ, ನಂಬಿ, ಕತ್ತಲಲ್ಲಿ ಮಕ್ಕಳನ್ನು ಹೊರಡಿಸಿದರೆ. ಮಲಗೋ ಜಾಗ ದಿಬ್ಬದ ಮೇಲಿದ್ದರೆ, ಕಾವಲಿನವರು ನಿದ್ದೆ ಹೋದರೂ ಮಕ್ಕಳು ಉಳೀತಾರೆ.

ಸರ್ಕಾರಿ ನಕ್ಷೆಯನ್ನೂ ಪೂರ್ತಿ ನಂಬೋ ಹಾಗಿಲ್ಲ. ಮಿಸ್ಟಿಕ್‌ನ ಹಲವು ಕಟ್ಟಡಗಳನ್ನು ಶಿಬಿರದವರ ಮನವಿ ಮೇಲೆ ಪ್ರವಾಹ ನಕ್ಷೆಯಿಂದ ಕೈಬಿಡಲಾಗಿತ್ತು. ನದಿಗೆ ಆ ಕಾಗದ ಯಾರು ತೋರಿಸ್ತಾರೆ?

ಅಕ್ಕನಿಗೆ ವಾಪಸ್ ಫೋನ್ ಮಾಡಿ ಎರಡು ಪ್ರಶ್ನೆ ಕೊಟ್ಟೆ. ಇವಳ ಮಂಚ ನದಿಯಿಂದ ಎಷ್ಟು ಎತ್ತರದಲ್ಲಿದೆ? ರಾತ್ರಿಯೆಲ್ಲ ಎಚ್ಚರ ಇರೋರು ಯಾರು? ಎರಡನೆಯದಕ್ಕೆ ಶಿಬಿರದವರು ಉದ್ದದ ಮೇಲ್ ಕಳಿಸಿದ್ದಾರಂತೆ. ಮೊದಲನೆಯದಕ್ಕೆ ಇನ್ನೂ ಉತ್ತರ ಬಂದಿಲ್ಲ. ಬರೋವರೆಗೂ ದುಡ್ಡು ಕಟ್ಟಬೇಡ ಅಂದಿದ್ದೀನಿ. ಅಕ್ಕನ ಮಗಳು ನನ್ನ ಜೊತೆ ಠೂ ಬಿಟ್ಟಿದ್ದಾಳೆ.