ಬೆಂಕಿಪೆಟ್ಟಿಗೆಯಲ್ಲಿ ರೈಲಿನ ದನಿ

ಮಟಮಾರಿಯಲ್ಲಿ ರೈಲಿನ ಸದ್ದು ಕೇಳದೆ ಬೆಳೆದ ಮಕ್ಕಳಿಲ್ಲ. ಮುಂಬಯಿ ಕಡೆಯಿಂದ ಬಂದ ಹಳಿಯೂ ಮದ್ರಾಸಿನ ಕಡೆಯಿಂದ ಬಂದ ಹಳಿಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಆ ಮಾರ್ಗ ಹಾದುಹೋಗುವುದು ನಮ್ಮೂರಿನ ಮೇಲೆಯೇ. ನಾನು ಹುಡುಗನಾಗಿದ್ದಾಗ ಬೇಸಿಗೆಯ ರಾತ್ರಿ ಮಾಳಿಗೆಯ ಮೇಲೆ ಮಲಗಿದರೆ, ನಿಲ್ದಾಣದಲ್ಲಿ ನಿಂತ ಡೀಸೆಲ್ ಎಂಜಿನ್ನಿನ ಗುಡುಗುಡು ಸದ್ದು ಎದೆಗೇ ತಾಗುತ್ತಿತ್ತು. ಈಗ ಹಳಿಯ ಮೇಲೆ ವಿದ್ಯುತ್ ತಂತಿ ಬಂದಿದೆ. ಆ ಗುಡುಗು ಅಪರೂಪವಾಗಿದೆ.

ಕಳೆದ ದೀಪಾವಳಿಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಆ ಗುಡುಗನ್ನೇ ಒಂದು ರಟ್ಟಿನ ಡಬ್ಬಿಯಲ್ಲಿಟ್ಟುಕೊಂಡು ಮನೆಗೆ ಬಂದ. ಬೆಂಗಳೂರಿನಲ್ಲಿ ಕೆಲಸ, ಬಿಡುವಿನಲ್ಲಿ ಮಾದರಿ ರೈಲು ಕಟ್ಟುವ ಹವ್ಯಾಸ. 1962ರಿಂದ ನಮ್ಮ ದೇಶದಲ್ಲಿ ಓಡಿದ ಡಬ್ಲ್ಯೂಡಿಎಂ-2 ಎಂಜಿನ್ನನ್ನು 87ರಲ್ಲಿ ಒಂದು ಪಾಲಿಗೆ ಇಳಿಸಿ, ಪ್ಲಾಸ್ಟಿಕ್ ಹಾಳೆ ಕತ್ತರಿಸಿ ತಾನೇ ಮಾಡಿದ್ದ. ನಿಜವಾದ ಎಂಜಿನ್ನಿನ ಉದ್ದ ಸುಮಾರು 17 ಮೀಟರ್; ಇವನದು 20 ಸೆಂಟಿಮೀಟರಿಗೂ ತುಸು ಕಡಿಮೆ. ಮೇಜಿನ ಮೇಲೆ ಹಳಿ ಜೋಡಿಸಿ ಓಡಿಸಿದ. ದೀಪ ಹೊತ್ತಿತು, ಚಕ್ರ ತಿರುಗಿತು, ಸದ್ದೂ ಬಂತು. ಆದರೆ ಅವನ ಮುಖ ಸಪ್ಪಗಿತ್ತು.

"ಸರ, ಎಲ್ಲಾ ಸರಿ ಅದರೀ. ದನಿ ಮಾತ್ರ ಸೊಳ್ಳಿ ಗುಂಯ್ ಅಂದಂಗ ಬರ್ತದ" ಎಂದ.

ಸದ್ದು ಎಲ್ಲಿಂದ ಬರುತ್ತದೆಂದು ಮೊದಲು ತಿಳಿಯೋಣ. ಇಂಥ ಮಾದರಿಗಳಲ್ಲಿ ಹಳಿಯೇ ತಂತಿ. ವಿದ್ಯುತ್ತೂ ಅದರಲ್ಲೇ, ಅಪ್ಪಣೆಯೂ ಅದರಲ್ಲೇ ಹರಿಯುತ್ತದೆ. ಎಂಜಿನ್ನಿನೊಳಗೆ ಬೆರಳಿನಷ್ಟು ಅಗಲದ ಒಂದು ಪುಟ್ಟ ಫಲಕವಿರುತ್ತದೆ; ಅದಕ್ಕೆ ಡಿಕೋಡರ್ ಎಂದು ಹೆಸರು. ನಮ್ಮೂರ ಪೋಸ್ಟ್‌ಮ್ಯಾನ್ ವಿಳಾಸ ನೋಡಿ ಕಾಗದ ಕೊಡುವಂತೆ, ಪ್ರತಿ ಡಿಕೋಡರಿಗೂ ಒಂದು ಸಂಖ್ಯೆಯ ವಿಳಾಸ. ತನ್ನ ವಿಳಾಸಕ್ಕೆ ಬಂದ ಅಪ್ಪಣೆಯನ್ನಷ್ಟೇ ಓದಿ ಮೋಟಾರು, ದೀಪ, ಸದ್ದು ಮೂರನ್ನೂ ಅದು ನಡೆಸುತ್ತದೆ. ನಿಜವಾದ ಎಂಜಿನ್ನಿನಿಂದ ಮುದ್ರಿಸಿಕೊಂಡ ಸದ್ದು ಅಂಕಿಗಳ ರೂಪದಲ್ಲಿ ಅದರೊಳಗಿನ ಚಿಪ್ಪಿನಲ್ಲಿರುತ್ತದೆ.

ಹಾಗಾದರೆ ಸದ್ದು ಸೊರಗಿದ್ದೇಕೆ? ನಾನು ಮುಚ್ಚಳ ತೆಗೆಸಿದೆ. ಒಂದೂವರೆ ಸೆಂಟಿಮೀಟರಿನ ಸ್ಪೀಕರು ಎರಡು ತಂತಿಗೆ ಜೋತಾಡುತ್ತಿತ್ತು. "ಇದಕ್ಕ ಡಬ್ಬಿ ಎಲ್ಲಿ ಅದಪಾ?" ಎಂದು ಕೇಳಿದೆ.

ಮಕ್ಕಳೇ, ಸ್ಪೀಕರಿನ ತೆಳು ಪೊರೆ ಮುಂದೆ ಚಲಿಸಿದಾಗ ಎದುರಿನ ಗಾಳಿ ಒತ್ತಿಕೊಳ್ಳುತ್ತದೆ. ಅದೇ ಗಳಿಗೆಯಲ್ಲಿ ಹಿಂದಿನ ಗಾಳಿ ಸಡಿಲಾಗುತ್ತದೆ. ಸ್ಪೀಕರು ಬಯಲಲ್ಲಿದ್ದರೆ ಮುಂದಿನ ಒತ್ತಡ ಅಂಚು ಸುತ್ತಿ ಹಿಂದಕ್ಕೆ ಹೋಗಿ ಎರಡೂ ಸರಿದೂಗಿಬಿಡುತ್ತವೆ. ಮುಂದಿನ ಅಲೆಯನ್ನು ಹಿಂದಿನ ಅಲೆಯೇ ನುಂಗಿದಂತಾಯಿತು. ಉದ್ದ ಅಲೆಗಳು, ಎಂದರೆ ತಗ್ಗು ಸ್ವರಗಳು, ಹೀಗೆ ಹೆಚ್ಚು ನಷ್ಟವಾಗುತ್ತವೆ. ಉಳಿಯುವುದು ಕೀಚಲು ಮಾತ್ರ.

ಬೆಂಕಿಪೆಟ್ಟಿಗೆಯ ಒಳಡಬ್ಬಿಯನ್ನು ಕತ್ತರಿಸಿ ಸ್ಪೀಕರಿನ ಬೆನ್ನಿಗೆ ಇಟ್ಟೆವು. ಅಂಚಿನ ಸಂದು ಮುಚ್ಚಲು, ಚಪಾತಿಗೆ ನಾದಿಟ್ಟ ಕಣಕವನ್ನು ಒಂದು ಚಿಟಿಕೆ ಅಡುಗೆಮನೆಯಿಂದ ತಂದೆ. ಒಂದು ಮೂಲೆಯಲ್ಲಿ ಸೂಜಿಯಷ್ಟು ಸಂದು ಉಳಿದಿತ್ತು. ಅದನ್ನೂ ಮುಚ್ಚಿದ ಮೇಲೆ ಸದ್ದಿಗೆ ಮೈ ಬಂತು. ಪರೀಕ್ಷೆಗೆ ಕಣಕ ಸಾಕು. ಖಾಯಂ ಜೋಡಣೆಗೆ ಪ್ಲಾಸ್ಟಿಕ್ ಡಬ್ಬಿ, ಅಂಟು ಬೇಕು. ಡೀಸೆಲ್ ಎಂಜಿನ್ನಿನ ಹೊಟ್ಟೆಯಡಿ ಇಂಧನ ತೊಟ್ಟಿ ಇರುತ್ತದಲ್ಲ, ಮಾದರಿಯಲ್ಲಿ ಅದು ಟೊಳ್ಳು. ಸ್ಪೀಕರಿಗೆ ಅದೇ ಒಳ್ಳೆಯ ಜಾಗ.

ಒಂದು ಲೆಕ್ಕ ಮಾಡೋಣ. ಡಬ್ಲ್ಯೂಡಿಎಂ-2 ಎಂಜಿನ್ನಿಗೆ 16 ಸಿಲಿಂಡರು. ನಿಂತಾಗ ನಿಮಿಷಕ್ಕೆ 400 ಸುತ್ತು. ನಾಲ್ಕು ಹೊಡೆತದ ಎಂಜಿನ್ನಾದ್ದರಿಂದ ಪ್ರತಿ ಸಿಲಿಂಡರು ಎರಡು ಸುತ್ತಿಗೊಮ್ಮೆ ಉರಿಯುತ್ತದೆ. 200ನ್ನು 16ರಿಂದ ಗುಣಿಸಿದರೆ ನಿಮಿಷಕ್ಕೆ 3,200. ಸೆಕೆಂಡಿಗೆ ಸುಮಾರು 53. ಶಬ್ದದ ವೇಗ 340 ಮೀಟರ್ ಎಂದಿಟ್ಟುಕೊಂಡರೆ ಆ ಅಲೆಯ ಉದ್ದ 6 ಮೀಟರಿಗೂ ಹೆಚ್ಚು! ಇದನ್ನು ಒಂದೂವರೆ ಸೆಂಟಿಮೀಟರಿನ ಸ್ಪೀಕರು ಹೊರಡಿಸಲಾರದು. ಆದರೂ ನಮಗೆ ಗುಡುಗು ಕೇಳಿಸಿತು. ಹೇಗೆ? ಮೂಲಸ್ವರದ ಎರಡು, ಮೂರು, ನಾಲ್ಕು ಪಟ್ಟಿನ ಸ್ವರಗಳೂ ಸದ್ದಿನಲ್ಲಿ ಬೆರೆತಿರುತ್ತವೆ. ಸ್ಪೀಕರು ಅವುಗಳಲ್ಲಿ ಮೇಲಿನವನ್ನು ಹೊರಡಿಸಿದರೆ, ಇಲ್ಲದ ಮೂಲಸ್ವರವನ್ನು ನಮ್ಮ ಮಿದುಳೇ ಊಹಿಸಿಕೊಳ್ಳುತ್ತದೆ. ಹಳೆಯ ಟೆಲಿಫೋನು ಸೆಕೆಂಡಿಗೆ 300 ಕಂಪನಗಳಿಗಿಂತ ಕೆಳಗಿನದನ್ನು ಸಾಗಿಸುತ್ತಿರಲಿಲ್ಲ. ಆದರೂ ಅಪ್ಪನ ದಪ್ಪ ದನಿ ನಿಮಗೆ ಗುರುತು ಸಿಗುತ್ತಿತ್ತು. ಅದೂ ಇದೇ ಕಾರಣಕ್ಕೆ.

ಜೋಡಿಸುವವರು ಮರೆಯಬಾರದ ಸಂಗತಿಗಳು ಮೂರು. ಒಂದು, ಮೋಟಾರಿನ ಎರಡು ತುದಿಗಳೂ ಹಳಿಯ ವಿದ್ಯುತ್ತಿಗೆ ನೇರವಾಗಿ ತಾಗಕೂಡದು, ಡಿಕೋಡರಿನ ಮೂಲಕವೇ ಬರಬೇಕು. ಕೆಂಪು, ಕಪ್ಪು ತಂತಿ ಹಳಿಯ ಕಡೆಗೆ; ಕಿತ್ತಳೆ, ಬೂದು ಬಣ್ಣದವು ಮೋಟಾರಿಗೆ. ಮಲ್ಟಿಮೀಟರಿನಿಂದ ಮೊದಲೇ ನೋಡಬೇಕು. ನಮ್ಮ ಹುಡುಗ ಹಾಗೆ ನೋಡದೆ ಮೊದಲ ಡಿಕೋಡರನ್ನು ಸುಟ್ಟುಕೊಂಡಿದ್ದನಂತೆ. ಎರಡು, ಡಿಕೋಡರು 8 ಓಮ್ ಕೇಳಿದರೆ ಎರಡು 8 ಓಮ್ ಸ್ಪೀಕರುಗಳನ್ನು ಸಮಾಂತರವಾಗಿ ಜೋಡಿಸಬೇಡಿ. ರೋಧ 4 ಓಮಿಗೆ ಇಳಿದು ಪ್ರವಾಹ ಇಮ್ಮಡಿಯಾಗುತ್ತದೆ. ಹತ್ತನೆಯ ತರಗತಿಯ ಓಮನ ನಿಯಮ ಇಲ್ಲಿ ದುಡ್ಡು ಉಳಿಸುತ್ತದೆ. ಮೂರು, ಸದ್ದನ್ನು ಪೂರ್ತಿ ಏರಿಸಬೇಡಿ. ಪೊರೆ ತನ್ನ ಮಿತಿ ದಾಟಿದರೆ ಸದ್ದು ಒಡೆಯುತ್ತದೆ.

ಹೊಂದಿಸುವುದು ಕಿವಿಯ ಕೆಲಸ. ನಿಜವಾದ ಎಂಜಿನ್ನು ಮೊದಲು ಗುಡುಗುತ್ತದೆ, ಆಮೇಲೆ ಭಾರ ಎಳೆಯುತ್ತ ನಿಧಾನವಾಗಿ ಕದಲುತ್ತದೆ. ಡಿಕೋಡರಿನ ಮೂರನೆಯ ಅಂಕಣದಲ್ಲಿ ವೇಗ ಏರುವ ಗತಿಯ ಸಂಖ್ಯೆ ಇರುತ್ತದೆ. ಅದನ್ನು ಹೆಚ್ಚಿಸಿದಾಗ ಮಾದರಿಯೂ ಹಾಗೆಯೇ ಕದಲಿತು. ಒಳಗಿದ್ದ ನನ್ನ ಹೆಂಡತಿ "ಯಾವ ಗಾಡಿ ಬಂತ್ರೀ?" ಎಂದಳು.

ಪಾಲಕರಿಗೊಂದು ಮಾತು. ಈ ಹುಡುಗ ಎಂಟನೆಯ ತರಗತಿಯಲ್ಲಿದ್ದಾಗ ಶಾಲೆಯ ಕೆಟ್ಟ ವಿದ್ಯುತ್ ಗಂಟೆಯನ್ನು ಬಿಚ್ಚಿದ್ದ. ನಾನು ಅವನನ್ನು ಇಡೀ ಪೀರಿಯಡ್ ಹೊರಗೆ ನಿಲ್ಲಿಸಿದೆ. ಒಳಗೆ ನಾನು ಪಾಠ ಮಾಡುತ್ತಿದ್ದದ್ದು ವಿದ್ಯುತ್ ಗಂಟೆಯನ್ನೇ, ಹಲಗೆಯ ಮೇಲೆ ಚಿತ್ರ ಬರೆದು! ಅದನ್ನು ಈಗ ನೆನಪಿಸಿದಾಗ ಅವನು ನಕ್ಕ. "ತಂತಿ ಸುರುಳಿ ಅಂದ್ರ ಏನಂತ ನಾ ಮೊದಲು ನೋಡಿದ್ದು ಅವತ್ತೇರಿ ಸರ" ಎಂದ. ನನಗೆ ನಗಲಾಗಲಿಲ್ಲ.

ಮನೆಯಲ್ಲಿ ಕೆಟ್ಟ ಆಟಿಕೆ, ಬ್ಯಾಟರಿ ರೇಡಿಯೋ ಇದ್ದರೆ ಗುಜರಿಗೆ ಹಾಕುವ ಮುನ್ನ ಮಕ್ಕಳಿಗೆ ಕೊಡಿ. ಗೋಡೆಯ ಪ್ಲಗ್ಗಿನ ವಸ್ತುಗಳನ್ನು ಮಾತ್ರ ಬೇಡ. ಮಕ್ಕಳೇ, ಸಿಕ್ಕ ಸ್ಪೀಕರನ್ನು ಅದರ ಬ್ಯಾಟರಿ ರೇಡಿಯೋಗೆ ತಗುಲಿಸಿ ಬಯಲಲ್ಲಿ ಒಮ್ಮೆ, ಡಬ್ಬಿಗೆ ಕೂಡಿಸಿ ಒಮ್ಮೆ ಕೇಳಿ. ಎರಡರ ವ್ಯತ್ಯಾಸವನ್ನು ವಹಿಯಲ್ಲಿ ಬರೆದಿಡಿ. ರೈಲಿನ ಸದ್ದು ಮುದ್ರಿಸಲು ಹಳಿಯ ಹತ್ತಿರ ಮಾತ್ರ ಹೋಗಬೇಡಿ. ಅದು ಮಾಳಿಗೆಯ ಮೇಲೆಯೂ ಚೆನ್ನಾಗಿಯೇ ಕೇಳುತ್ತದೆ.