ವಿಮೆಗಿಂತ ಮೊದಲು ಸ್ವಿಚ್‌ಗೇರ್

ಬೀದರ್ ನಗರದ ಅಡತ್ ಅಂಗಡಿಯಾಗಲಿ, ಭಾಲ್ಕಿಯ ದಾಲ್‌ಮಿಲ್ಲಾಗಲಿ, ಔರಾದಿನ ಸೋಯಾ ಗೋದಾಮಾಗಲಿ, ವರ್ಷಾಂತ್ಯದ ಲೆಕ್ಕ ಮುಗಿಸುವಾಗ ಅಗ್ನಿ ವಿಮೆಯ ಕಂತು ಪಾವತಿಯಾಗಿದೆಯೇ ಎಂಬುದನ್ನು ಮಾಲೀಕರು ತಪ್ಪದೆ ಪರಿಶೀಲಿಸುತ್ತಾರೆ. ಆದರೆ ಗೋಡೆಯ ಮೇಲಿನ ವಿದ್ಯುತ್ ಪೆಟ್ಟಿಗೆಯನ್ನು ತೆರೆದು ನೋಡುವವರು ವಿರಳ. ವಿಮೆ ಇದ್ದ ಮೇಲೆ ಚಿಂತೆ ಏಕೆ ಎಂಬ ಭಾವನೆಯೇ ಇದಕ್ಕೆ ಕಾರಣ. ಪಾಲಿಸಿಯ ಷರತ್ತುಗಳನ್ನು ಓದಿದರೆ ಈ ಭಾವನೆ ಉಳಿಯಲಾರದು.

2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಪಾಲಿಸಿಯು ಒಂದು ಸ್ಥಳದಲ್ಲಿ ಒಟ್ಟು 5 ಕೋಟಿ ರೂಪಾಯಿವರೆಗಿನ ಆಸ್ತಿ ಹೊಂದಿರುವ ಉದ್ದಿಮೆಗಳಿಗೆ ಅನ್ವಯಿಸುತ್ತದೆ. ಶಾರ್ಟ್ ಸರ್ಕಿಟ್, ಅತಿಯಾದ ಹೊರೆ ಅಥವಾ ವಿದ್ಯುತ್ ಸೋರಿಕೆಯಿಂದ ಮೋಟಾರು ಸುಟ್ಟರೆ ಆ ಮೋಟಾರಿನ ಹಾನಿಯನ್ನು ಅದು ಭರಿಸುವುದಿಲ್ಲ. ಅಲ್ಲಿಂದ ಹಬ್ಬಿದ ಬೆಂಕಿಗೆ ಆಹುತಿಯಾದ ಇತರ ಆಸ್ತಿಗೆ ಮಾತ್ರ ಪರಿಹಾರವುಂಟು. ಹಂಗಾಮಿನಲ್ಲಿ ಮಿಲ್ಲು ನಿಂತು ಕೈತಪ್ಪಿದ ಲಾಭಕ್ಕೆ ಪ್ರತ್ಯೇಕ ವಿಮೆಯೇ ಬೇಕು. ವಿಮೆ ಬಿಟ್ಟ ಈ ಭಾಗವನ್ನು ಕಾಯಬೇಕಾದುದು ಸ್ವಿಚ್‌ಗೇರ್.

ಎಂಸಿಬಿಯೊಳಗೆ ಎರಡು ವ್ಯವಸ್ಥೆಗಳಿವೆ. ಹೊರೆ ಹೆಚ್ಚಿದಾಗ ಎರಡು ಲೋಹಗಳ ಪಟ್ಟಿಯೊಂದು ಕಾದು ಬಾಗಿ ಸಂಪರ್ಕ ಕಡಿಯುತ್ತದೆ. ಶಾರ್ಟ್ ಆದಾಗ ತಂತಿಯ ಸುರುಳಿಯೊಂದು ಅಯಸ್ಕಾಂತವಾಗಿ ಕ್ಷಣಾರ್ಧದಲ್ಲಿ ಅದೇ ಕೆಲಸ ಮಾಡುತ್ತದೆ. ಇದು ತಂತಿಗೆ ರಕ್ಷಣೆ. ಮನುಷ್ಯನ ಪ್ರಾಣಕ್ಕೆ ಅಪಾಯ ತರಬಲ್ಲ ಸೋರಿಕೆ 16 ಆಂಪಿಯರ್ ಎಂಸಿಬಿಯ ಗಮನಕ್ಕೂ ಬಾರದು. ಅದಕ್ಕಾಗಿ ಆರ್‌ಸಿಸಿಬಿ ಬೇಕು. ಹೋದ ಮತ್ತು ಮರಳಿದ ವಿದ್ಯುತ್ ಪ್ರವಾಹಗಳ ವ್ಯತ್ಯಾಸ 30 ಮಿಲಿ ಆಂಪಿಯರ್ ಮುಟ್ಟುವಷ್ಟರಲ್ಲಿ ಅದು ಸರಬರಾಜನ್ನು ನಿಲ್ಲಿಸುತ್ತದೆ. ಬೇಸಿಗೆಯಲ್ಲಿ ತಗಡಿನ ಕೂಲರ್ ಓಡುವ ಪ್ರತಿ ಮನೆಗೂ ಇದು ಅವಶ್ಯಕ.

ಎಂಸಿಬಿ ಪದೇಪದೇ ಟ್ರಿಪ್ ಆದರೆ ಕಾರಣ ಹುಡುಕದೆ 16ರ ಬದಲು 32 ಆಂಪಿಯರ್‌ನದನ್ನು ಹಾಕಿಸುವುದು, ಹಳೆಯ ಫ್ಯೂಸಿಗೆ ದಪ್ಪ ತಾಮ್ರದ ತಂತಿ ಸುತ್ತುವುದು ಕಾವಲುಗಾರನ ಕಣ್ಣಿಗೆ ಬಟ್ಟೆ ಕಟ್ಟಿದಂತೆ. ಅರ್ಥಿಂಗ್ ವಿಷಯದಲ್ಲೂ ಈ ಭಾಗಕ್ಕೆ ಹೆಚ್ಚಿನ ಎಚ್ಚರಿಕೆ ಬೇಕು. ಬೀದರ್ ನಗರದ ಜಂಬಿಟ್ಟಿಗೆ ನೆಲ ಒಣಗಿದಾಗ ವಿದ್ಯುತ್ತಿಗೆ ಸುಲಭವಾಗಿ ದಾರಿ ಕೊಡದು. ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಅರ್ಥಿಂಗ್ ಪೈಪಿನಿಂದ ದೂರ ಸರಿಯುತ್ತದೆ. ಮಳೆಗಾಲದಲ್ಲಿ ಸರಿಯಿದ್ದುದು ಏಪ್ರಿಲ್‌ನಲ್ಲಿಯೂ ಸರಿಯಿರುತ್ತದೆಂಬ ಭರವಸೆಯಿಲ್ಲ.

ವಿಮೆಯ ಕಂತಿನಂತೆ ಸ್ವಿಚ್‌ಗೇರ್ ತಪಾಸಣೆಯ ವೆಚ್ಚಕ್ಕೂ ವಾರ್ಷಿಕ ಅಂದಾಜಿನಲ್ಲಿ ಒಂದು ಸಾಲು ಮೀಸಲಿಡುವುದು ಸೂಕ್ತ. ಬೇಸಿಗೆಗೆ ಮುನ್ನ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದ ಅರ್ಥಿಂಗ್ ಅಳತೆ ಮಾಡಿಸಿ, ದಾಲ್‌ಮಿಲ್ಲಿನ ಪ್ಯಾನೆಲ್‌ಗಳ ಧೂಳು ತೆಗೆಸಿ, ಸಡಿಲ ಸಂಪರ್ಕಗಳನ್ನು ಬಿಗಿ ಮಾಡಿಸಿ, ವರದಿಯನ್ನು ಪಾಲಿಸಿಯ ಕಡತದಲ್ಲಿಯೇ ಇಡಬೇಕು. ವಾಣಿಜ್ಯೋದ್ಯಮ ಸಂಸ್ಥೆಯು ಈ ಮೂರೂ ಊರುಗಳಲ್ಲಿ ಸದಸ್ಯರಿಗಾಗಿ ವರ್ಷಕ್ಕೊಮ್ಮೆ ಇಂತಹ ತಪಾಸಣಾ ಶಿಬಿರ ಏರ್ಪಡಿಸಿದರೆ ಸಣ್ಣ ವ್ಯಾಪಾರಸ್ಥರಿಗೂ ವೆಚ್ಚ ಹಗುರವಾಗುವುದು.